ಕೋಳಿ ಗೂಡಿನಲ್ಲೇ ಮೊಟ್ಟೆ ಇಡಬೇಕಾದರೆ

(ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಪ್ರತಿನಿಧಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಉಳಿತಾಯ, ಸಾಲದ ಕಂತು, ಬ್ಯಾಂಕಿನ ವಿಷಯ ಎಲ್ಲ ಮುಗಿದ ಮೇಲೆ ಕೊನೆಗೆ ‘ಕೋಳಿ ಮೊಟ್ಟೆ’ ಎಂದು ಬರೆದಿದ್ದನ್ನು ನೋಡಿ ಕೆಲವರು ನಕ್ಕಿರಿ. ನಗಬೇಕಾದ್ದೇ. ಹುಟ್ಟಿದಾಗಿನಿಂದ ಕೋಳಿ ಸಾಕಿದವರಿಗೆ ಕೋಳಿ ಪಾಠ ಹೇಳಲು ನಾವು ಯಾರು? ಆದರೆ ಮೂರು ತಾಲ್ಲೂಕಿನ ಹಳ್ಳಿಗಳಲ್ಲಿ ಮನೆ ಭೇಟಿಗೆ ಹೋದಾಗ ನಾವು ಪದೇ ಪದೇ ಕೇಳುವ ಮಾತು ಒಂದಿದೆ. “ಸಿಸ್ಟರ್, ಕೋಳಿ ಸಾಕದು ನಾವು, ಮೊಟ್ಟೆ ತಿನ್ನದು ಮುಂಗ್ಸಿ.” ಇನ್ನೊಂದು ಮನೆಯಲ್ಲಿ, “ಮೊಟ್ಟೆ ತಿನ್ನದು ಪಕ್ಕದ್ಮನೆಯವ್ರು ಕನಾ ಸಿಸ್ಟರ್” ಅಂತಾರೆ. ಪಕ್ಕದ ಮನೆಗೆ ಹೋದರೆ ಅಲ್ಲಿಯೂ ಅದೇ ದೂರು! ಆದ್ದರಿಂದ ಈ ವಿಷಯ ಸಭೆಗೆ ತಂದಿದ್ದೇವೆ.

ಮೊದಲು ಒಂದು ಲೆಕ್ಕ ಹಾಕೋಣ. ನಮ್ಮ ನಾಟಿ ಕೋಳಿ ವರ್ಷಕ್ಕೆ ಹೆಚ್ಚೂ ಕಡಿಮೆ 50-60 ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ಹತ್ತು ಹದಿನೈದು ಇಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡಿ ಸ್ವಲ್ಪ ದಿನ ಓಡಾಡಿಸಿ ಮತ್ತೆ ಇಡಲು ಶುರು. ನಿಮ್ಮ ಹತ್ತಿರ ಆರು ಯಾಟೆ ಇವೆ ಅಂದುಕೊಳ್ಳಿ. ಆರು ಅರವತ್ತಲಿ 360 ಮೊಟ್ಟೆ. ಅದರಲ್ಲಿ ಮೂರಕ್ಕೊಂದು ಬೇಲಿ, ಮೆದೆ, ಚರಂಡಿ ಅಂಚು ಅಂತ ಹೋಯಿತು ಅನ್ನಿ, 120 ಹೋಯ್ತು. ಮೊಟ್ಟೆಗೆ ಬರೀ ಹತ್ತು ರೂಪಾಯಿ ಹಿಡಿದರೂ 1,200 ರೂಪಾಯಿ. ವಾರಕ್ಕೆ 20 ರೂಪಾಯಿಯಂತೆ ಸಂಘಕ್ಕೆ ಕಟ್ಟಿದರೆ ಒಂದು ವರ್ಷದ ಉಳಿತಾಯಕ್ಕಿಂತ ಹೆಚ್ಚು. ಈ ಹಣ ಯಾರೂ ಕದ್ದಿದ್ದಲ್ಲ, ಯಾರ ಲೆಕ್ಕಕ್ಕೂ ಬಂದಿದ್ದಲ್ಲ. ಕೈಗೆ ಬಾರದ ಮೊಟ್ಟೆಯನ್ನು ಯಾರು ತಾನೇ ಎಣಿಸುತ್ತಾರೆ?

ಇನ್ನೊಂದು ಮಾತು. ರೇಷ್ಮೆಗೂಡಿನ ದುಡ್ಡು, ಅರಿಶಿನದ ದುಡ್ಡು, ಕಬ್ಬಿನ ದುಡ್ಡು ಯಾರ ಜೇಬಿಗೆ ಹೋಗುತ್ತದೆ ಎಂದು ನಿಮಗೆ ಗೊತ್ತು. ಹುಂಜ ಮಾರಿದರೂ, ನೆಂಟರಿಗೆ ಕೊಯ್ದರೂ ಗಂಡಸರ ಮಾತೇ ನಡೆಯುತ್ತದೆ. ಆದರೆ ಮೊಟ್ಟೆ ಮಾರಿದ ಹಣವನ್ನು “ಎಲ್ಲಿ, ಕೊಡು” ಎಂದು ಕೇಳುವ ಗಂಡಸರು ಕಡಿಮೆ. ಸಣ್ಣ ಹಣ ಎಂದು ಬಿಟ್ಟಿರುತ್ತಾರೆ. ಸಾಸಿವೆ ಡಬ್ಬಿಯಲ್ಲಿ ಇಡುವ ಆ ಹಣದಿಂದಲೇ ಎಷ್ಟೋ ಜನ ಸಂಘದ ವಾರದ ಕಂತು ಕಟ್ಟುತ್ತೀರಿ, ಮಗುವಿಗೆ ಪೆನ್ಸಿಲ್ ತರುತ್ತೀರಿ, ತವರಿಗೆ ಬಸ್ ಚಾರ್ಜ್ ಮಾಡಿಕೊಳ್ಳುತ್ತೀರಿ. ಆದ್ದರಿಂದ ಬೇಲಿಗೆ ಬಿದ್ದ ಮೊಟ್ಟೆ ಮನೆಯ ನಷ್ಟಕ್ಕಿಂತ ಹೆಚ್ಚಾಗಿ ನಿಮ್ಮ ನಷ್ಟ.

ತಿನ್ನುವ ವಿಷಯವೂ ಇದೆ. ನಮ್ಮ ರಾಜ್ಯದ ಶಾಲೆಗಳಲ್ಲಿ 2024ರಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಕೊಡಲು ಶುರುಮಾಡಿದರು. ಬಹಳ ಒಳ್ಳೆಯದು. ಆದರೆ ಆ ಮಕ್ಕಳ ತಾಯಿಗೆ? ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ಅದು ಮುಗಿದ ಮೇಲೆ ನಲವತ್ತು ವಯಸ್ಸಿನ ಹೆಂಗಸು ವಾರಕ್ಕೆ ಎಷ್ಟು ಮೊಟ್ಟೆ ತಿನ್ನುತ್ತಾಳೆ? ಕೈ ಎತ್ತಿ ಎಂದು ಕೇಳಿದರೆ ಈ ಸಭೆಯಲ್ಲೇ ಎಷ್ಟು ಕೈ ಏಳುತ್ತದೋ ನೋಡಬೇಕು. ರಕ್ತ ಕಡಿಮೆ ಇದೆ, ಸುಸ್ತು ಎಂದು ಆಸ್ಪತ್ರೆಗೆ ಹೋಗುವವರ ಮನೆ ಹಿಂದೆಯೇ ಮುಂಗುಸಿ ಹೊಟ್ಟೆ ತುಂಬ ಮೊಟ್ಟೆ ತಿಂದು ಹೋಗುತ್ತಿದೆ.

ಈಗ ಕೋಳಿಯ ಕಡೆಯಿಂದ ನೋಡೋಣ. “ಹಾಳಾದ್ದು, ಗೂಡು ಕಟ್ಟಿಕೊಟ್ರೂ ಬೇಲೀಗೆ ಹೋಯ್ತದೆ” ಎಂದು ಬಯ್ಯುತ್ತೀರಿ. ಕೋಳಿಗೆ ಸೊಕ್ಕಲ್ಲ, ಅದು ಅದರ ಹುಟ್ಟುಗುಣ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ, ಮಾದಪ್ಪನ ಬೆಟ್ಟದ ಕಾಡಿನಲ್ಲಿ ಕಾಡುಕೋಳಿ ಇದೆಯಲ್ಲ, ನಮ್ಮ ಊರುಕೋಳಿ ಅದರ ನೆಂಟ. ಕಾಡುಕೋಳಿ ಪೊದೆಯ ಬುಡದಲ್ಲಿ, ತರಗೆಲೆಯ ಮರೆಯಲ್ಲಿ ಮೊಟ್ಟೆ ಇಡುತ್ತದೆ. ಹದ್ದು ಕಾಣಬಾರದು, ನರಿ ಕಾಣಬಾರದು, ಜೊತೆಯ ಕೋಳಿಗಳೂ ಕಾಣಬಾರದು. ಊರಿಗೆ ಬಂದು ಸಾವಿರಾರು ವರ್ಷವಾದರೂ ಕೋಳಿ ಅದನ್ನು ಮರೆತಿಲ್ಲ. ನಾವು ಕಟ್ಟಿಕೊಟ್ಟ ಗೂಡು ಅದರ ಕಣ್ಣಿಗೆ ಬೇಲಿಗಿಂತ ಸುರಕ್ಷಿತವಾಗಿ ಕಾಣದಿದ್ದರೆ ಅದು ಬೇಲಿಗೇ ಹೋಗುತ್ತದೆ.

ನೀವೇ ಬಲ್ಲ ಉದಾಹರಣೆ ಹೇಳುತ್ತೇವೆ. ಇಲ್ಲಿ ಅರ್ಧ ಜನ ರೇಷ್ಮೆಹುಳು ಸಾಕಿದವರು. ಹುಳು ಹಣ್ಣಾದಾಗ ಏನು ಮಾಡುತ್ತೀರಿ? ಊಟ ಬಿಟ್ಟು ಚಂದ್ರಿಕೆಗೆ ಬಿಡುತ್ತೀರಿ. ಅರ್ಧ ದಿನ ತಡವಾದರೆ ತಟ್ಟೆಯ ಅಂಚಿಗೋ ಸೊಪ್ಪಿನ ಸಂದಿಗೋ ಗೂಡು ಸುತ್ತಿಬಿಡುತ್ತದೆ. ಹುಳುವನ್ನು ಯಾರೂ ಬಯ್ಯುವುದಿಲ್ಲ, ಚಂದ್ರಿಕೆ ಸಮಯಕ್ಕೆ ಸಿಗಲಿಲ್ಲ ಅನ್ನುತ್ತೀರಿ. ಕೋಳಿಯೂ ಹಾಗೆಯೇ. ಹೊಟ್ಟೆಯಲ್ಲಿ ಮೊಟ್ಟೆ ಬಲಿತಾಗ ಗೂಡು ಹುಡುಕು ಎಂದು ಅದರ ರಕ್ತದಲ್ಲೇ ಆಜ್ಞೆ ಬರುತ್ತದೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ವುಡ್-ಗಷ್ ಎಂಬ ವಿಜ್ಞಾನಿ ಇದನ್ನೇ ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ್ದರು. ಆ ಹೊತ್ತಿನಲ್ಲಿ ಕೋಳಿ ಮೇವು ಬಿಟ್ಟು ಅತ್ತಿಂದಿತ್ತ ಓಡಾಡುತ್ತದೆ, ಮೂಲೆ ಮೂಲೆ ಇಣುಕುತ್ತದೆ, ಒಂಥರಾ ಗೊಣಗುತ್ತದೆ. ಯುರೋಪಿನ ದೇಶಗಳಲ್ಲಿ ಬರೀ ಕಂಬಿಯ ಪಂಜರದಲ್ಲಿ ಮೊಟ್ಟೆ ಕೋಳಿ ಸಾಕುವುದನ್ನು 2012ರಿಂದ ನಿಷೇಧಿಸಿದ್ದಾರೆ. ಪಂಜರದಲ್ಲೇ ಸಾಕಿದರೂ ಅದರೊಳಗೆ ಮೊಟ್ಟೆಯಿಡಲು ಮರೆಯಾದ ಗೂಡು ಇರಲೇಬೇಕು ಎಂದು ಕಾನೂನು. ನಮ್ಮ ಅಂಗಡಿಗಳಿಗೆ ನಾಮಕ್ಕಲ್ ಕಡೆಯಿಂದ ಲಾರಿಯಲ್ಲಿ ಬರುವ ಫಾರಂ ಮೊಟ್ಟೆಯ ಕೋಳಿಗಳಿಗೆ ಆ ಭಾಗ್ಯ ಇಲ್ಲ. ಓರೆಯಾದ ಕಂಬಿಯ ಮೇಲೆ ಇಟ್ಟ ಮೊಟ್ಟೆ ಉರುಳಿ ಮುಂದಕ್ಕೆ ಬರುತ್ತದೆ, ಅಷ್ಟೆ. ನಿಮ್ಮ ಕೋಳಿಗೆ ಆಯ್ಕೆ ಇದೆ. ಅದಕ್ಕೇ ನಿಮಗೆ ಈ ತೊಂದರೆ.

ಸರಿ, ಗೂಡು ಹೇಗಿರಬೇಕು? ದುಡ್ಡು ಖರ್ಚು ಮಾಡಬೇಡಿ. ಉದ್ದ, ಅಗಲ, ಎತ್ತರ ಒಂದೊಂದು ಅಡಿ ಇದ್ದರೆ ನಾಟಿ ಕೋಳಿಗೆ ಸಾಕು. ಗಿರಿರಾಜದಂತಹ ದೊಡ್ಡ ಕೋಳಿಗೆ ಇನ್ನೆರಡು ಅಂಗುಲ ಜಾಸ್ತಿ. ಕೋಳಿ ಒಳಗೆ ಹೋಗಿ ತಿರುಗಿ ಕೂರಬೇಕು, ಅಷ್ಟೇ ಜಾಗ. ತುಂಬ ದೊಡ್ಡದು ಮಾಡಿದರೆ ಎರಡು ಮೂರು ಒಟ್ಟಿಗೆ ನುಗ್ಗಿ ಮೊಟ್ಟೆ ತುಳಿದು ಒಡೆಯುತ್ತವೆ. ನಾಲ್ಕೈದು ಕೋಳಿಗೆ ಒಂದು ಗೂಡು ಲೆಕ್ಕ. ಮೂರು ಗೂಡು ಇಟ್ಟರೂ ಎಲ್ಲವೂ ಒಂದಕ್ಕೇ ಮುಗಿಬೀಳುವುದನ್ನು ನೋಡಿದ್ದೀರಿ, ಅದಕ್ಕೆ ಚಿಂತೆ ಬೇಡ. ಮೂರರಲ್ಲಿ ಯಾವುದು ಹೆಚ್ಚು ಕತ್ತಲು, ಹೆಚ್ಚು ಮೂಲೆ ಎಂದು ನೋಡಿ. ಅದೇ ಅವುಗಳಿಗೆ ಇಷ್ಟವಾದದ್ದು, ಉಳಿದ ಎರಡನ್ನೂ ಹಾಗೇ ಮಾಡಿ.

ಟೊಮೊಟೊ ತುಂಬುವ ಹಳೆಯ ಮರದ ಪೆಟ್ಟಿಗೆಯನ್ನು ಅಡ್ಡ ಮಲಗಿಸಿದರೆ ಒಳ್ಳೆಯ ಗೂಡು. ಬಾಯಿ ಒಡೆದ ಗುಡಾಣ, ದೊಡ್ಡ ಮಡಕೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ತಂಪು, ಸಂದಿ ಇಲ್ಲದ್ದರಿಂದ ಹೇನು ಸೇರುವುದೂ ಕಡಿಮೆ. ಅಂಚು ಚೂಪಾಗಿದ್ದರೆ ಕಲ್ಲಿನಿಂದ ಉಜ್ಜಿ ನಯ ಮಾಡಿ. ಎಣ್ಣೆ ಡಬ್ಬ ಕೆಲವರು ಇಡುತ್ತಾರೆ. ನಮಗೆ ಅದು ಅಷ್ಟು ಇಷ್ಟವಿಲ್ಲ. ಅದು ಇಕ್ಕಟ್ಟು, ಕತ್ತರಿಸಿದ ತಗಡು ಕಾಲು ಕೊಯ್ಯುತ್ತದೆ, ಹನೂರು ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಒಳಗೆ ಬೆಂದುಹೋಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನ ಕಡ್ಡಿಯಿಂದ ಬುಟ್ಟಿ, ಕುರ್ಚಿ ಹೆಣೆಯುತ್ತಾರೆ. ಆ ಬುಟ್ಟಿಯೂ ಆಗುತ್ತದೆ, ಮುರಿದ ಮಂಕರಿಯೂ ಆಗುತ್ತದೆ, ಬದಿಯಲ್ಲಿ ಬಾಯಿ ಬಿಟ್ಟು ಮೇಲೆ ಗೋಣಿಚೀಲ ಹೊದಿಸಿದರೆ ಆಯಿತು. ಬಾಗಿಲಿಗೆ ನಾಲ್ಕು ಅಂಗುಲದ ಒಂದು ಅಡ್ಡಪಟ್ಟಿ ಹೊಡೆಯಿರಿ, ಹುಲ್ಲು, ಮೊಟ್ಟೆ ಹೊರಗೆ ಉರುಳದ ಹಾಗೆ. ಬಾಗಿಲಿನ ಮೇಲರ್ಧಕ್ಕೆ ಗೋಣಿ ತುಂಡು ಇಳಿಬಿಡಿ, ಒಳಗೆ ಮಬ್ಬು ಇರಲಿ. ಮಬ್ಬಿದ್ದರೆ ಇನ್ನೊಂದು ಲಾಭ ಇದೆ, ಬೇರೆ ಕೋಳಿ ಬಂದು ಮೊಟ್ಟೆ ಕುಕ್ಕುವುದಿಲ್ಲ.

ಒಳಗೆ ಮೂರು ಅಂಗುಲ ದಪ್ಪಕ್ಕೆ ಒಣಹುಲ್ಲು ಇರಬೇಕು. ಯಳಂದೂರಿನವರಿಗೆ ನಾಲೆಯ ಭತ್ತದ ಹುಲ್ಲು ಉಂಟು, ಹನೂರಿನವರಿಗೆ ರಾಗಿ ಹುಲ್ಲು ಉಂಟು. ಕೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ ಹಾಕಿ. ಕೋಳಿ ಅದನ್ನು ಎದೆಯಿಂದ ಒತ್ತಿ ಗುಳಿ ಮಾಡಿಕೊಳ್ಳುತ್ತದೆ. ಹಾಗೆ ಗುಳಿ ಮಾಡಿಕೊಳ್ಳಲು ಬಿಡಬೇಕು, ಅದೇ ಅದಕ್ಕೆ ಸಮಾಧಾನ. ಬರೀ ಹಲಗೆಯ ಮೇಲೆ, ಬರೀ ಗೋಣಿಯ ಮೇಲೆ ಅದು ಕೂರಲು ಒಪ್ಪುವುದಿಲ್ಲ.

ಜಾಗದ ವಿಷಯ ಮುಖ್ಯ. ಎಷ್ಟೋ ಕಡೆ ಚಂದದ ಗೂಡು ಇದೆ, ಆದರೆ ಬಚ್ಚಲ ಬಾಗಿಲಲ್ಲಿ ಇದೆ! ದಿನವಿಡೀ ಜನ ಓಡಾಡುವ ಕಡೆ, ನಾಯಿ ಮಲಗುವ ಕಡೆ ಕೋಳಿ ಬರುವುದಿಲ್ಲ. ಮನೆಯ ಹಿಂಗೋಡೆ, ಕೊಟ್ಟಿಗೆಯ ಮೂಲೆ, ಸೌದೆ ರಾಶಿಯ ಪಕ್ಕ ನೋಡಿ. ಮಳೆ ಎರಚಲು ಬಡಿಯಬಾರದು, ಮಧ್ಯಾಹ್ನದ ಬಿಸಿಲು ಬೀಳಬಾರದು. ನಾಟಿ ಕೋಳಿ ಹಾರುವುದರಿಂದ ನೆಲದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಕಟ್ಟಬಹುದು. ಗಿರಿರಾಜಕ್ಕೆ ಅಷ್ಟು ಎತ್ತರ ಆಗದು. ಅದು ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ತಳಿ, ಮೈ ಭಾರ, ಹಾರಲಾರದು. ನೆಲಕ್ಕೆ ಹತ್ತಿರ, ಒಂದು ಇಟ್ಟಿಗೆ ಎತ್ತರದಲ್ಲಿ ಇಡಿ. ಗಿರಿರಾಜ ಸಾಕಿದವರಿಗೆ ಗೂಡು ಇನ್ನೂ ಮುಖ್ಯ ಎಂದು ನಮಗನ್ನಿಸುತ್ತದೆ. ಅದು ನಾಟಿಯ ಎರಡರಷ್ಟಕ್ಕಿಂತ ಹೆಚ್ಚು ಮೊಟ್ಟೆ ಇಡುತ್ತದೆ, ಆದರೆ ಕಾವಿಗೆ ಕೂರುವುದು ಅಪರೂಪ. ನಾಟಿ ಕೋಳಿ ಬೇಲಿಯಲ್ಲಿ ಕದ್ದು ಇಟ್ಟರೂ ಎಂದೋ ಒಂದು ದಿನ ಹತ್ತು ಮರಿ ಕರೆದುಕೊಂಡು ಬಂದು ನಿಮ್ಮನ್ನು ನಗಿಸಬಹುದು. ಗಿರಿರಾಜದ ಕಳೆದ ಮೊಟ್ಟೆ ಕಳೆದಂತೆಯೇ.

ರಾತ್ರಿ ಕೂರುವ ಕೋಲು ಮೊಟ್ಟೆ ಗೂಡಿಗಿಂತ ಎತ್ತರದಲ್ಲಿ ಇರಬೇಕು. ಕೋಳಿ ಯಾವಾಗಲೂ ಇರುವುದರಲ್ಲಿ ಎತ್ತರದ ಜಾಗಕ್ಕೆ ಹತ್ತಿ ಮಲಗುತ್ತದೆ. ಗೂಡೇ ಎತ್ತರದಲ್ಲಿದ್ದರೆ ಗೂಡಲ್ಲೇ ಮಲಗಿ ರಾತ್ರಿಯೆಲ್ಲ ಹಿಕ್ಕೆ ಹಾಕುತ್ತದೆ. ಬೆಳಿಗ್ಗೆ ಆ ಗಲೀಜಿನಲ್ಲಿ ಮೊಟ್ಟೆ ಇಡಲು ಅದಕ್ಕೂ ಮನಸ್ಸಿಲ್ಲ, ಇಟ್ಟರೂ ಮೊಟ್ಟೆ ಕೊಳಕು.

ಇನ್ನು ರೂಢಿ ಮಾಡಿಸುವುದು. ಮೊದಲ ಮೊಟ್ಟೆ ಎಲ್ಲಿ ಇಡುತ್ತದೋ ಅಲ್ಲೇ ಮುಂದಿನದೂ ಎಂದು ಬಹುಪಾಲು ಕೋಳಿಗಳ ಸ್ವಭಾವ. ಆದ್ದರಿಂದ ಯಾಟೆ ಮೊಟ್ಟೆಗೆ ಬರುವ ಎರಡು ಮೂರು ವಾರ ಮೊದಲೇ ಗೂಡು ಸಿದ್ಧ ಇರಬೇಕು. ನಾಟಿ ಯಾಟೆ ಆರು ಏಳು ತಿಂಗಳಿಗೆ ಇಡಲು ಶುರುಮಾಡುತ್ತದೆ. ಜುಟ್ಟು ಕೆಂಪಾಗಿ ತುಂಬಿಕೊಳ್ಳುತ್ತದೆ, ಬೆನ್ನಿನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಕುಳಿತುಬಿಡುತ್ತದೆ. ಅದು ಕಂಡಿತು ಅಂದರೆ ಇನ್ನು ಹೆಚ್ಚು ದಿನ ಇಲ್ಲ. ಗೂಡಿನಲ್ಲಿ ಒಂದು ಹುಸಿ ಮೊಟ್ಟೆ ಇಡಿ. ಮೊಟ್ಟೆಯಾಕಾರದ ನುಣ್ಣನೆ ಹೊಳೆಗಲ್ಲಿಗೆ ಸುಣ್ಣ ಬಳಿದರೆ ಸಾಕು, ಮಕ್ಕಳ ಪ್ಲಾಸ್ಟಿಕ್ ಚೆಂಡೂ ಆದೀತು. ಇಲ್ಲಿ ಯಾರೋ ಮೊಟ್ಟೆ ಇಟ್ಟಿದ್ದಾರೆ, ಯಾರೂ ತಿಂದಿಲ್ಲ ಎಂದು ಕೋಳಿಗೆ ನಂಬಿಕೆ ಬರಬೇಕು. ನಮ್ಮ ಅಜ್ಜಿಯರು ಎಲ್ಲ ಮೊಟ್ಟೆ ತೆಗೆಯದೆ ಒಂದನ್ನು ಬಿಡುತ್ತಿದ್ದದ್ದು ಇದಕ್ಕೇ. ನಿಜವಾದ ಮೊಟ್ಟೆ ಬಿಟ್ಟರೆ ವಾರದಲ್ಲಿ ಕೊಳೆಯಬಹುದು, ಕಲ್ಲು ಕೊಳೆಯುವುದಿಲ್ಲ.

ಈಗಾಗಲೇ ಬೇಲಿಯ ರೂಢಿ ಬಿದ್ದ ಕೋಳಿಗೆ ಎರಡು ವಾರ ಶಿಸ್ತು ಬೇಕು. ಬೆಳಿಗ್ಗೆ ಎದ್ದ ಕೂಡಲೇ ಬಿಡಬೇಡಿ. ಹೆಚ್ಚಿನ ಮೊಟ್ಟೆ ಬೆಳಿಗ್ಗೆ ಹನ್ನೊಂದರೊಳಗೆ ಬೀಳುತ್ತವೆ. ಅಲ್ಲಿಯವರೆಗೂ ಗೂಡಿರುವ ಕೋಳಿಮನೆಯಲ್ಲೇ ನೀರು, ಮೇವು ಕೊಟ್ಟು ಇಟ್ಟುಕೊಳ್ಳಿ. ಕೂಲಿಗೆ ಹೋಗುವವರಿಗೆ ಇದು ಕಷ್ಟ, ನಮಗೆ ಗೊತ್ತು. ಏಳು ಗಂಟೆಗೆ ಮನೆ ಬಿಡುವ ಹೆಂಗಸು ಹನ್ನೊಂದಕ್ಕೆ ಬಂದು ಬಾಗಿಲು ತೆಗೆಯಲು ಆಗದು. ಮನೆಯಲ್ಲಿ ಅತ್ತೆಯೋ ಮಾವನೋ ಇದ್ದರೆ ಅವರಿಗೆ ಹೇಳಿ, ಇಲ್ಲದಿದ್ದರೆ ಎರಡು ಮನೆಯವರು ಸೇರಿ ಸರದಿ ಮಾಡಿಕೊಳ್ಳಿ. ಮಕ್ಕಳಿಗೆ ರಜೆ ಇರುವ ವಾರ ಶುರುಮಾಡುವುದೂ ಒಂದು ಉಪಾಯ.

ನೀವು ಮಾಡುವ ಹಳೆಯ ಕ್ರಮವೂ ಇದೆ. ಬೆಳಿಗ್ಗೆ ಕೋಳಿ ಹಿಡಿದು ಹಿಂದೆ ಬೆರಳಿಂದ ಮುಟ್ಟಿ ನೋಡಿ, ಮೊಟ್ಟೆ ಗಟ್ಟಿಯಾಗಿ ಸಿಕ್ಕಿದರೆ ಅದನ್ನು ಮಾತ್ರ ಮಂಕರಿಯಡಿ ಮುಚ್ಚಿ ಉಳಿದವನ್ನು ಬಿಡುವುದು. ಅದು ಒಳ್ಳೆಯ ಜ್ಞಾನ, ಪುಸ್ತಕ ಓದಿದವರಿಗೆ ಬಾರದು. ಆದರೆ ಮಂಕರಿಯಡಿ ಬರೀ ನೆಲ ಇದ್ದರೆ ಕೋಳಿ ಹೆದರಿ ಮೊಟ್ಟೆ ತಡೆದುಕೊಳ್ಳುತ್ತದೆ, ಬಿಟ್ಟ ಕೂಡಲೇ ಬೇಲಿಗೆ ಓಡುತ್ತದೆ. ಹಾಗೆ ಮುಚ್ಚುವುದಾದರೆ ಅಡಿಯಲ್ಲಿ ಹುಲ್ಲು, ಹುಸಿ ಮೊಟ್ಟೆ, ಮೇಲೆ ಗೋಣಿ ಹಾಕಿ. ಮುಟ್ಟುವಾಗ ಮೆಲ್ಲಗೆ, ಒತ್ತಬೇಡಿ. ಒಳಗೆ ಮೊಟ್ಟೆ ಒಡೆದರೆ ಕೋಳಿ ಸಾಯಬಹುದು.

ಇಲ್ಲೊಂದು ಸೂಕ್ಷ್ಮ ಇದೆ. ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಬೇಕು. ಹಾಗಾಗಿ ನಿನ್ನೆ ಎಂಟಕ್ಕೆ ಇಟ್ಟದ್ದು ಇವತ್ತು ಒಂಬತ್ತಕ್ಕೆ, ನಾಳೆ ಹತ್ತಕ್ಕೆ, ಹೀಗೆ ಹೊತ್ತು ಜಾರುತ್ತಾ ಹೋಗಿ ಮಧ್ಯಾಹ್ನಕ್ಕೆ ಬಂದಾಗ ಒಂದು ದಿನ ಬಿಡುತ್ತದೆ, ಆಮೇಲೆ ಮತ್ತೆ ಬೆಳಿಗ್ಗೆಯಿಂದ ಶುರು. ಆದ್ದರಿಂದ ಹನ್ನೊಂದಕ್ಕೆ ಬಿಟ್ಟ ಮೇಲೂ ಒಂದೊಂದು ಹೊರಗೆ ಇಟ್ಟೀತು. “ಸಿಸ್ಟರ್ ಹೇಳಿದ್ದು ಸುಳ್ಳಾಯ್ತು” ಅನ್ನಬೇಡಿ! ಗೂಡಿನ ರೂಢಿ ಕೂತ ಮೇಲೆ ಮಧ್ಯಾಹ್ನದ ಮೊಟ್ಟೆಗೂ ಅದು ಗೂಡಿಗೇ ವಾಪಸ್ ಬರುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮೊಟ್ಟೆ ಹುಡುಕಲು ಬರಿಗೈ ಹಾಕಬೇಡಿ. ಹುಲ್ಲಿನ ಮೆದೆ, ಸೌದೆ ರಾಶಿ, ಕಲ್ಲುಗುಡ್ಡೆ, ಲಂಟಾನ ಬೇಲಿ ಇವೆಲ್ಲ ಇಲಿ ಇರುವ ಜಾಗ. ಇಲಿ ಇದ್ದ ಕಡೆ ಹಾವು ಬರುತ್ತದೆ. ನಾಗರಹಾವು ಮೊಟ್ಟೆಯನ್ನೂ ನುಂಗುತ್ತದೆ. ಕೊಳಕುಮಂಡಲ ಹುಲ್ಲಿನ ಬಣ್ಣದಲ್ಲೇ ಬೆರೆತು ಮಲಗಿರುತ್ತದೆ. ಹತ್ತು ರೂಪಾಯಿಯ ಮೊಟ್ಟೆಗೆ ಮುಂಜಾನೆಯ ಮಬ್ಬಿನಲ್ಲಿ ಮೆದೆಯೊಳಗೆ ಮೊಣಕೈವರೆಗೆ ಕೈ ತೂರಿಸುವ ತಾಯಂದಿರನ್ನು, ಮಕ್ಕಳನ್ನು ಕಳುಹಿಸುವವರನ್ನು ನಾವು ನೋಡಿದ್ದೇವೆ. ಉದ್ದ ಕೋಲಿನಿಂದ ಸದ್ದು ಮಾಡಿ, ಟಾರ್ಚ್ ಬಿಟ್ಟು ನೋಡಿ, ಹುಲ್ಲನ್ನು ಕೋಲಿನಿಂದಲೇ ಸರಿಸಿ, ಆಮೇಲೆ ತೆಗೆಯಿರಿ. ಮಕ್ಕಳನ್ನು ಕಳುಹಿಸಲೇಬೇಡಿ.

ಕಚ್ಚಿದರೆ ಕುಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರ ಹಾಕಿಸಲು ಅಲೆಯಬೇಡಿ. ಕೈಯಾದರೆ ಬಳೆ, ಉಂಗುರ ತಕ್ಷಣ ತೆಗೆಯಿರಿ, ಊದಿಕೊಂಡರೆ ತೆಗೆಯಲು ಬಾರದು. ಕೈ ಅಲುಗಿಸದೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಇಲ್ಲ ಸಿಕ್ಕ ಗಾಡಿಯಲ್ಲಿ ದೊಡ್ಡ ಆಸ್ಪತ್ರೆಗೆ ಹೊರಡಿ. ವಿಷ ಇಳಿಸುವ ಮದ್ದು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಒಂದೇ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ, ಅಂದರೆ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು. ಮಾದಪ್ಪನ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿಲೋಮೀಟರ್ ಎಂಬುದನ್ನು ನೆನಪಿಡಿ, ಕಾಡಂಚಿನ ಊರಿನವರಿಗೆ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಮೊಟ್ಟೆ ಗೂಡಿಗೆ ಬೀಳಬೇಕು ಎಂದು ನಾವು ಇಷ್ಟು ಹೊತ್ತು ಹೇಳುತ್ತಿರುವುದಕ್ಕೆ ಇದು ದೊಡ್ಡ ಕಾರಣ.

ಕದ್ದು ಇಡುವ ಕೋಳಿಯನ್ನು ಪತ್ತೆ ಮಾಡಬೇಕಾದರೆ ದೂರದಿಂದ ಹಿಂಬಾಲಿಸಿ. ಅದು ನೇರವಾಗಿ ಹೋಗುವುದಿಲ್ಲ, ಮೇಯುವ ಹಾಗೆ ನಟನೆ ಮಾಡಿಕೊಂಡು ಸುತ್ತಿ ಹೋಗುತ್ತದೆ. ಮೊಟ್ಟೆ ಇಟ್ಟ ಮೇಲೆ ‘ಕೊಕ್ಕೊಕ್ಕೋ’ ಎಂದು ಕೂಗುವುದು ಗೂಡಿನಿಂದ ಆಚೆ ಬಂದ ಮೇಲೆ. ಕೂಗಿದ ಜಾಗದಲ್ಲೇ ಹುಡುಕಿದರೆ ಸಿಗುವುದಿಲ್ಲ. ಸಿಕ್ಕಿದ ಕಡೆ ಹತ್ತು ಹದಿನೈದು ಇದ್ದರೆ ಹಾಗೇ ಅಂಗಡಿಗೆ ಹಾಕಬೇಡಿ. ನೀರಿನ ಪಾತ್ರೆಗೆ ಬಿಟ್ಟು ನೋಡಿ. ಅಡಿಯಲ್ಲಿ ಮಲಗಿದ್ದು ಹೊಸದು, ನೆಟ್ಟಗೆ ನಿಂತದ್ದು ಹಳೆಯದು, ತೇಲಿದ್ದು ಗುಂಡಿಗೆ. ನೀರಿಗೆ ಹಾಕಿದ್ದನ್ನು ಮರಿ ಮಾಡಿಸಲು ಇಡಬಾರದು, ಬೇಗ ತಿಂದು ಮುಗಿಸಿ.

ಗೂಡಿಗೆ ಬರುತ್ತಿದ್ದ ಕೋಳಿ ಒಮ್ಮೆಲೇ ಬಿಟ್ಟರೆ ಮೊದಲು ಹೇನು ನೋಡಿ. ಕೆಂಪು ಸಣ್ಣ ಹುಳುಗಳು ಹಗಲಲ್ಲಿ ಹಲಗೆ ಸಂದಿಯಲ್ಲಿ ಅಡಗಿ ರಾತ್ರಿ ಬಂದು ರಕ್ತ ಹೀರುತ್ತವೆ. ಹಗಲು ನೋಡಿದರೆ ಏನೂ ಕಾಣುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ನೋಡಿ, ಇಲ್ಲವೇ ಸಂದಿಯ ಮೇಲೆ ಬಿಳಿ ಬಟ್ಟೆ ಒತ್ತಿ, ರಕ್ತದ ಕಲೆ ಬಂದರೆ ಅದೇ. ಹಳೆ ಹುಲ್ಲು ಸುಡಿ, ಪೆಟ್ಟಿಗೆಗೆ ಕುದಿಯುವ ನೀರು ಹುಯ್ದು ಬಿಸಿಲಿಗೆ ಒಣಗಿಸಿ, ಸಂದಿಗೆಲ್ಲ ಸುಣ್ಣ ಬಳಿಯಿರಿ. ಹೊಸ ಹುಲ್ಲಿನಡಿ ಒಣ ಬೇವಿನ ಸೊಪ್ಪು ಹಾಕಿ, ಪಕ್ಕದಲ್ಲಿ ಬೂದಿಗುಂಡಿ ಮಾಡಿಕೊಡಿ, ಕೋಳಿ ಅದರಲ್ಲಿ ಹೊರಳಿ ಮೈ ಶುದ್ಧ ಮಾಡಿಕೊಳ್ಳುತ್ತದೆ. ಹೊಲಕ್ಕೆ ಹೊಡೆಯುವ ಔಷಧಿ ಮಾತ್ರ ಸಿಂಪಡಿಸಬೇಡಿ, ಅದೇ ಮೊಟ್ಟೆ ನಿಮ್ಮ ಮಕ್ಕಳ ಬಾಯಿಗೆ ಹೋಗುತ್ತದೆ. ಹೆಚ್ಚಾದರೆ ಪಶು ಆಸ್ಪತ್ರೆಯಲ್ಲಿ ಕೇಳಿ.

ಕಾವಿಗೆ ಕೂತ ಕೋಳಿ ಗೂಡು ಹಿಡಿದುಕೊಂಡರೂ ಬೇರೆಯವು ಹೊರಗೆ ಹೋಗುತ್ತವೆ. ಅದಕ್ಕೆ ಬೇರೆ ಬುಟ್ಟಿ, ಬೇರೆ ಮೂಲೆ ಕೊಡಿ, ರಾತ್ರಿ ಹೊತ್ತು ಎತ್ತಿ ಇಟ್ಟರೆ ಗಲಾಟೆ ಮಾಡುವುದಿಲ್ಲ. ಕಾವಿಗಿಟ್ಟ ಮೊಟ್ಟೆಗಳಿಗೆ ಇದ್ದಿಲಿನಿಂದ ಗುರುತು ಹಾಕಿ. ಗುರುತಿಲ್ಲದ್ದು ಕಂಡರೆ ಬೇರೆ ಕೋಳಿ ಬಂದು ಇಟ್ಟದ್ದು, ತೆಗೆಯಿರಿ.

ಮತ್ತೊಂದು, ದಿನಕ್ಕೆ ಎರಡು ಸಲ ಮೊಟ್ಟೆ ತೆಗೆಯಿರಿ. ಗೂಡಲ್ಲಿ ರಾಶಿ ಬಿದ್ದರೆ ಒಡೆಯುತ್ತದೆ, ಒಡೆದದ್ದನ್ನು ಒಮ್ಮೆ ರುಚಿ ನೋಡಿದ ಕೋಳಿ ಆಮೇಲೆ ತಾನೇ ಒಡೆದು ತಿನ್ನಲು ಕಲಿಯುತ್ತದೆ. ಚಿಪ್ಪು ತೆಳ್ಳಗಿದ್ದರೆ ಸುಣ್ಣದ ಅಂಶ ಸಾಲದು. ಮೊಟ್ಟೆ ಚಿಪ್ಪನ್ನೇ ಒಣಗಿಸಿ ನುಣ್ಣಗೆ ಪುಡಿ ಮಾಡಿ ಮೇವಿಗೆ ಬೆರೆಸಿ. ಇಡಿ ಚಿಪ್ಪು ಎಸೆದರೆ ಅದೂ ಮೊಟ್ಟೆ ತಿನ್ನುವ ಪಾಠವೇ!

ಪಕ್ಕದ ಮನೆಯ ಜಗಳಕ್ಕೆ ಬರೋಣ. ಒಂದು ಸಂಘದಲ್ಲಿ ಇಬ್ಬರು ಸದಸ್ಯರು ಎಂಟು ತಿಂಗಳು ಮಾತು ಬಿಟ್ಟಿದ್ದರು. ಒಬ್ಬರ ಕೋಳಿ ಇನ್ನೊಬ್ಬರ ಮೆದೆಯಲ್ಲಿ ಇಡುತ್ತಿತ್ತು. “ನನ್ನ ಕೋಳಿ, ನನ್ನ ಮೊಟ್ಟೆ” ಎಂದು ಒಬ್ಬರು, “ನನ್ನ ಮೆದೆ ಕೆದಕಿ ಹಾಳು ಮಾಡ್ತದೆ, ಸಿಕ್ಕಿದ್ದು ನಂದು” ಎಂದು ಇನ್ನೊಬ್ಬರು. ಸಾಲದ ಕಂತಿನ ಜಾಮೀನಿಗೂ ಇದರಿಂದ ತೊಂದರೆಯಾಯಿತು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನ ಹೇಳಲು ನಾವು ಹೋಗಲಿಲ್ಲ. ಸಂಘದವರೇ ಸೇರಿ ಒಂದು ಕ್ರಮ ಮಾಡಿದರು. ಮೆದೆಯ ಆ ಭಾಗಕ್ಕೆ ಮುಳ್ಳು ಮುಚ್ಚಿದರು, ಕೋಳಿಯವರು ಒಂದು ಪೆಟ್ಟಿಗೆ ಗೂಡು ಮಾಡಿ ಹತ್ತು ದಿನ ಕೂಡಿಹಾಕಿದರು, ಆ ಮೇಲೂ ಮೆದೆಯಲ್ಲಿ ಸಿಕ್ಕಿದ್ದನ್ನು ಇಬ್ಬರೂ ಅರ್ಧರ್ಧ ಎಂದು ಒಪ್ಪಿದರು. ಹತ್ತು ದಿನವಾದ ಮೇಲೆ ಹಂಚಿಕೊಳ್ಳಲು ಮೆದೆಯಲ್ಲಿ ಮೊಟ್ಟೆಯೇ ಇರಲಿಲ್ಲ.

ಮೊಟ್ಟೆ ಎಲ್ಲಿಯೂ ಸಿಗದಿದ್ದರೆ ಕದ್ದು ಇಡುತ್ತಿದೆ ಎಂದೇ ತಿಳಿಯಬೇಡಿ. ಗರಿ ಉದುರಿಸುವ ಕಾಲದಲ್ಲಿ ಇಡುವುದಿಲ್ಲ. ನೀರು ಸಾಲದಿದ್ದರೆ, ಬಿಸಿಲು ಹೆಚ್ಚಾದರೆ ನಿಲ್ಲಿಸುತ್ತದೆ. ಕೊಕ್ಕರೆ ರೋಗ ತಾಗಿ ಬದುಕಿದ ಕೋಳಿ ಬಹಳ ದಿನ ಇಡದೆ ಇರಬಹುದು. ಆ ರೋಗಕ್ಕೆ ಲಸಿಕೆ ಇದೆ, ಒಂದೊಂದು ಮನೆಗೆ ಬಾಟಲಿ ತೆಗೆಸುವುದಕ್ಕಿಂತ ಬೀದಿಯವರೆಲ್ಲ ಒಂದೇ ದಿನ ಹಾಕಿಸುವುದು ಒಳ್ಳೆಯದು.

ಸಭೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸುತ್ತೇವೆ. “ಎರಡು ವರ್ಷದಿಂದ ಬೇಲೀಲೇ ಇಕ್ತಾ ಇರೋ ಕೋಳಿ, ಈಗ ಬದಲಾಯ್ತದಾ?” ಎಂದು ಯಳಂದೂರು ಕಡೆಯ ತಾಯಿಯೊಬ್ಬರು ಕೇಳಿದರು. ಕಷ್ಟ. ಆ ಜಾಗಕ್ಕೆ ಮುಳ್ಳು ಹಾಕಿದರೆ ಅದು ಹೊಸ ಜಾಗ ಹುಡುಕುತ್ತದೆ, ಆ ವೇಳೆಗೆ ಕೂಡಿಹಾಕಿ ಗೂಡು ತೋರಿಸಿದರೆ ಕೆಲವು ಒಪ್ಪುತ್ತವೆ. ಒಪ್ಪದಿದ್ದರೆ ಬೇಲಿಯಲ್ಲಿ ಅದು ಇಷ್ಟಪಟ್ಟ ಮರೆಯನ್ನು ಹೋಲುವ ಹಾಗೆ, ಅದರ ಪಕ್ಕದಲ್ಲೇ ಗುಡಾಣ ಮಲಗಿಸಿ ಮೇಲೆ ಸೊಪ್ಪು ಮುಚ್ಚಿ. ಅದು ಒಳಗೆ ಇಡಲು ಶುರುಮಾಡಿದ ಮೇಲೆ ಗುಡಾಣವನ್ನು ದಿನಕ್ಕೆ ಒಂದೆರಡು ಅಡಿಯಂತೆ ಮನೆಯ ಕಡೆಗೆ ಸರಿಸುತ್ತಾ ಬನ್ನಿ. ತಾಳ್ಮೆ ಬೇಕು.

“ಮೊಟ್ಟೆ ಗೂಡಲ್ಲಿ ಕಣ್ಣಿಗೆ ಬಿದ್ದರೆ ನಮ್ಮನೆಯವರು ಕುಡಿಯೋಕೆ ಮಾರ್ಕೋತಾರೆ, ಬೇಲಿಲಿದ್ರೇ ವಾಸಿ” ಎಂದು ಹಿಂದಿನ ಸಾಲಿನಿಂದ ಒಬ್ಬರು ಮೆಲ್ಲಗೆ ಅಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಈ ಮಾತಿಗೆ ಕೋಳಿ ಪಾಠದಲ್ಲಿ ಉತ್ತರವಿಲ್ಲ. ಅವರ ಸಂಘದವರು ಅಲ್ಲಿಯೇ ಒಂದು ತೀರ್ಮಾನ ಮಾಡಿದರು. ವಾರಕ್ಕೆರಡು ದಿನ ಬೆಳಿಗ್ಗೆ ಸಂಘದ ಒಬ್ಬ ಸದಸ್ಯರು ಬೀದಿಯ ಮನೆಗಳಿಗೆಲ್ಲ ಹೋಗಿ ಮೊಟ್ಟೆ ತೆಗೆದುಕೊಂಡು, ಪುಸ್ತಕದಲ್ಲಿ ಹೆಂಗಸಿನ ಹೆಸರಿನಲ್ಲೇ ಬರೆದು, ಹಣವನ್ನು ಅವರ ಉಳಿತಾಯಕ್ಕೇ ಜಮಾ ಮಾಡುವುದು. ಎಷ್ಟರಮಟ್ಟಿಗೆ ನಡೆಯುತ್ತದೆ ಎಂದು ಮೂರು ತಿಂಗಳು ನೋಡೋಣ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ಕ್ಯಾಲೆಂಡರಿನ ಮೇಲೆ ಗುರುತು ಮಾಡಿಕೊಂಡು ಬನ್ನಿ. ಗೂಡಲ್ಲಿ ಸಿಕ್ಕಿದ್ದಕ್ಕೆ ಒಂದು ಗೀಟು, ಹೊರಗೆ ಸಿಕ್ಕಿದ್ದಕ್ಕೆ ಒಂದು ಸೊನ್ನೆ. ಬರೆಯಲು ಬಾರದವರೂ ಇದನ್ನು ಮಾಡಬಹುದು. ತಿಂದ ಮೊಟ್ಟೆಗೆ ಬೇರೆ ಗುರುತು ಹಾಕಿ, ಅದರಲ್ಲಿ ನೀವು ಎಷ್ಟು ತಿಂದಿರಿ ಎಂಬುದೂ ಇರಲಿ.